ಕೆಳಗಿನ ಪೈಪು

ಬುಧವಾರಕ್ಕೊಮ್ಮೆ ಇಂಡಿಗೆ ಹೋಗಿ ರಕ್ತದ ಸೀಸೆ ತರೂದು ನನ್ನ ಕೆಲಸ.
ಐಸಿನ ಡಬ್ಬಿ ಹಿಂದಿನ ಸೀಟಿನ್ಯಾಗ,
ಬೆಲ್ಟು ಬಿಗಿಸಿಕೊಂಡು ಕೂತ ಕೂಸಿನಂಗ.
ಕಾರು ತೊಂಬತ್ತೇಳರ ಮಾರುತಿ, ಬದನೀಕಾಯಿ ಬಣ್ಣ,
ಮೂರು ಕೈ ದಾಟಿ ನನ್ನ ಕೈಗೆ ಬಂದದ್ದು.

ನಾಗಠಾಣದ ತನಕ ಚಂದ.
ಅದು ದಾಟಿ ಏರು ಹಿಡೀತಂದ್ರ
ಮುಳ್ಳು ಏಳತೈತಿ, ಮೆತ್ತಗ,
ಯಾರ ಮಾತೂ ಕೇಳದ,
ಕೆಂಪು ಗೆರಿಗೆ ಹಣಿ ಹಚ್ಚೂ ತನಕ.

ಮೊದಲ ಸಲ ಕುಡಿಯೂ ನೀರು ಹೊಯ್ದೆ.
ಎರಡನೇ ಸಲ, ಹೇಳಬಾರದು,
ಐಸ್ ಕರಗಿದ ನೀರು, ಉಳಿದ ಐಸು ಎಲ್ಲಾ.
ಸೀಸೆಗಳು ಬೆಚ್ಚಗಾಗಿ ಕೆಟ್ಟವು.
ಹನ್ನೊಂದು ಮಂದಿಗೆ ಮತ್ತ ಸೂಜಿ ಚುಚ್ಚಬೇಕಾತು.
ಒಬ್ಬಾಕಿ ಮುದುಕಿ ತೋಳು ಚಾಚಿ ಕೇಳಿದಳು:
"ನಿನ್ನ ಗಾಡಿಗೆ ಜ್ವರಾ, ನನಗ್ಯಾಕವಾ ಸೂಜಿ?"

ಮಂದಿ ಹೇಳಿದ್ದೆಲ್ಲಾ ಮಾಡಿಸಿದ್ದೆ.
ಸೊಲ್ಲಾಪುರ ನಾಕಾದವ ಥರ್ಮೋಸ್ಟಾಟ್ ಕಿತ್ತು ಒಗೆದ,
"ನಮ್ಮ ಬಿಸಿಲಿಗೆ ಇದ್ಯಾಕ ಬೇಕ್ರಿ ಅಕ್ಕಾರ?"
ಇನ್ನೊಬ್ಬ ವಾಯರು ತಿರುವಿ
ಫ್ಯಾನಿಗೆ ಹಗಲೂ ರಾತ್ರಿ ನಿದ್ದಿ ಇಲ್ಲದಂಗ ಮಾಡಿದ.
ಮುಚ್ಚಳ ಹೊಸಾದು ಬಂತು.
ಬೋರಿನ ನೀರು ಕುಡಿದು ರೇಡಿಯೇಟರಿನ ಹೊಟ್ಟ್ಯಾಗ ಸುಣ್ಣ ಕಟ್ಟೈತಿ ಅಂತ
ಇಂಡಿ ಲಿಂಬಿ ಎರಡು ಕಿಲೋ ಹಿಂಡಿ ತೊಳದವರೂ ಇದ್ದರು.
ಮೂರು ದಿನ ಉಪ್ಪಿನಕಾಯಿ ವಾಸನಿ.
ನಾಲ್ಕನೇ ದಿನ ಅದೇ ಏರು, ಅದೇ ಗೆರಿ.

ಕಡಿಕ ಬಂದೇನವಾಜ ಮಾಮಾ.
ಅಥಣಿ ರೋಡಿನ ಬೇವಿನ ಗಿಡದ ಕೆಳಗ,
ಕಣ್ಣಿಗೆ ಪೊರೆ, ಮೊಣಕೈ ತನಕ ಗ್ರೀಸು.
ಎಣ್ಣಿ ಕಡ್ಡಿ ಎಳೆದು ಬೆರಳಿಗೆ ತಿಕ್ಕಿ ಮೂಸಿದ,
"ನೀರು ಕೂಡಿಲ್ಲ. ಗ್ಯಾಸ್ಕೆಟ್ ಗಟ್ಟಿ ಐತಿ. ದೇವರು ದೊಡ್ಡವ."
ನಿಂತಲ್ಲೇ ಅರ್ಧ ತಾಸು ಓಡಿಸಿದ.
ಮುಳ್ಳು ನಡುವ ನಿಂತಿತು,
ಇನ್‌ಸ್ಪೆಕ್ಟರ್ ಬಂದ ದಿನದ ಸಾಲಿ ಹುಡುಗನಂಗ.
"ನಿಂತಾಗ ಸುಳ್ಳು ಹೇಳತೈತಿ ಇದು," ಅಂದ ಮಾಮಾ.
"ನಾ ಒಳಗ ಕೂತು ಒತ್ತತೇನಿ.
ನನಗ ಕಣ್ಣು ಮಂಜು. ನೀ ನೋಡು,
ಏನು ಅಲುಗತೈತಿ, ಏನು ಅಲುಗಬಾರದು."

ಎಂಜಿನ್ ಒದರಿತು.
ಬೆಲ್ಟು, ಫ್ಯಾನು, ಉಬ್ಬಿ ನಿಂತ ಮೇಲಿನ ಪೈಪು.
ಕೆಳಗ, ಬ್ಯಾಟರಿ ಹಿಡಿದರಷ್ಟ ಕಾಣೂ ಕತ್ತಲ್ಯಾಗ
ಇನ್ನೊಂದು ಪೈಪು
ತನ್ನನ್ನ ತಾನ ಒಳಗ ಎಳಕೊಂಡು ಚಪ್ಪಟಿ ಆತು.
ಕಾಲು ತೆಗೆದ, ದುಂಡಗ.
ಒತ್ತಿದ,
ಚಪ್ಪಟಿ.

ಇಪ್ಪತ್ತೆರಡು ವರ್ಷ ಇದನ್ನ ನೋಡೇನಿ ನಾನು.
ಸಿರಿಂಜಿನ ದಂಡ ಅವಸರದಾಗ ಎಳೆದರ
ಹಳೆ ತೋಳಿನ ನರ ಹಿಂಗ ಮಲಗತೈತಿ,
ಮೈ ತುಂಬ ರಕ್ತ ಇದ್ದೂ ಸೀಸೆಗೆ ಹನಿ ಇಲ್ಲ.
"ಮಾಮಾ, ನರಾ ಮಲಗೇತಿ," ಅಂದೆ.
ಅವ ಎಂಜಿನ್ ಬಂದ್ ಮಾಡಿ
ಎಷ್ಟೊತ್ತು ನಕ್ಕ ಅಂದ್ರ ಕೆಮ್ಮು ಬಂತು.

ಪೈಪು ಬಿಚ್ಚಿ ಅಂಗೈಗೆ ತಟ್ಟಿದ.
ಒಳಗಿನ ಸ್ಪ್ರಿಂಗು ತುಕ್ಕಾಗಿ ಬಿತ್ತು,
ಎರಡು ಕಪ್ ಚಾಕ್ಕ ಸಾಕಾಗೂವಷ್ಟು ಪುಡಿ.
ಹೊಸಾದಕ್ಕ ಇನ್ನೂರಾ ಎಪ್ಪತ್ತು.
ಥರ್ಮೋಸ್ಟಾಟೂ ಹೊಸಾದು ಕೂಡಿಸಿದ, ಬೈಕೋತ,
"ಜ್ವರಾ ಬಂತಂತ ಗುಂಡಗಿ ಕೀಳತಾರೇನು, ಮಗನ್ನ ತಂದು!"

ಕೂಲಿ ಕೇಳಿದರ, "ರೋಗ ಹಿಡದಾಕಿ ನೀ. ಅರ್ಧಾ ಕೊಡು."
ಅವನ ಕಾಲಬೆರಳಿನ ಹುಣ್ಣು ಆವಾಗ ಕಂಡೆ,
ಚಪ್ಪಲಿ ಕತ್ತರಿಸಿ ಜಾಗ ಮಾಡಿಕೊಟ್ಟಿದ್ದ.
"ಎಷ್ಟು ದಿನಾತು?"
"ಅದು ಹಂಗ. ನಡೀತೈತಿ."
"ತೋಳು ಚಾಚು."
"ನನಗೇನಾಗೇತಿ? ನಿಂತೇನಲ್ಲ ಗಟ್ಟಿ."
ಅಂದವನ
ತನ್ನ ಮಾತು ತನಗ ಕೇಳಿಸಿ ಸುಮ್ಮನಾದ.

ಸೀಮಿ ಎಣ್ಣಿ ಹಚ್ಚಿ ಗ್ರೀಸು ಒರೆಸಿಕೊಂಡ.
ನರ ಸಣ್ಣದು, ಜಾರೂ ಜಾತಿ.
ಮೆಲ್ಲಕ ಎಳೆದೆ,
ನಾಗಠಾಣದ ಏರಿಗೆ ಎರಡನೇ ಗೇರಿನ್ಯಾಗ ಹೋದಂಗ.